ಯೋಧರ ಹೆಸರಿನ ದಾನ ಮತ್ತು ನಮ್ಮ ಹೊಣೆ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಮಂದಿ ಅಮಾಯಕರನ್ನು ಕೊಂದಾಗ ಇಡೀ ದೇಶ ದುಃಖ ಮತ್ತು ಆಕ್ರೋಶದಲ್ಲಿ ಮುಳುಗಿತು. ಕೆಲವೇ ದಿನಗಳಲ್ಲಿ ವಾಟ್ಸ್ಯಾಪ್‌ನಲ್ಲಿ ಒಂದು ಸಂದೇಶ ಹರಿದಾಡತೊಡಗಿತು. ಸೇನೆಯ ಆಧುನೀಕರಣಕ್ಕಾಗಿ ಕೇಂದ್ರ ಸಚಿವ ಸಂಪುಟವು ಬ್ಯಾಂಕ್ ಖಾತೆಯೊಂದನ್ನು ತೆರೆದಿದೆ, ಜನರೆಲ್ಲ ಅದಕ್ಕೆ ಹಣ ನೀಡಬೇಕು ಎಂಬುದು ಅದರ ಸಾರ. ನಂಬಿಕೆ ಹುಟ್ಟಿಸಲು ಚಿತ್ರನಟ ಅಕ್ಷಯ್ ಕುಮಾರ್ ಅವರ ಹೆಸರನ್ನೂ ಸೇರಿಸಲಾಗಿತ್ತು. ಕೊನೆಗೆ ರಕ್ಷಣಾ ಸಚಿವಾಲಯವೇ ಮುಂದೆ ಬಂದು, ಈ ಸಂದೇಶ ದಾರಿತಪ್ಪಿಸುವಂಥದ್ದು, ಖಾತೆಯ ವಿವರಗಳೂ ತಪ್ಪು ಎಂದು ಸ್ಪಷ್ಟಪಡಿಸಬೇಕಾಯಿತು.

ಅದನ್ನು ಇತರರಿಗೆ ಕಳುಹಿಸಿದವರಲ್ಲಿ ಹೆಚ್ಚಿನವರ ಉದ್ದೇಶ ಒಳ್ಳೆಯದೇ ಆಗಿದ್ದಿರಬಹುದು. ಆದರೆ ನಮ್ಮ ಸಮುದಾಯದಲ್ಲಿ, 'ಕಳುಹಿಸದಿದ್ದರೆ ಜನರು ಏನೆಂದುಕೊಳ್ಳುವರೋ' ಎಂಬ ಅಳುಕಿನಿಂದ ಕಳುಹಿಸಿದವರೂ ಇಲ್ಲವೆನ್ನಲಾಗದು. ನಮ್ಮನ್ನು ಚಿಂತೆಗೀಡು ಮಾಡಿರುವುದು ಈ ಅಳುಕೇ.

ಸಾಮಾಜಿಕ ಜಾಲತಾಣಗಳ ಮೂಲಕ ಯೋಧರ ಕುಟುಂಬಗಳಿಗೆ ನೆರವು ಸಂಗ್ರಹಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. 2017ರ ಏಪ್ರಿಲ್‌ನಲ್ಲಿ ಗೃಹ ಸಚಿವಾಲಯವು ಅರೆಸೇನಾ ಪಡೆಗಳ ಹುತಾತ್ಮರ ಕುಟುಂಬಗಳಿಗಾಗಿ ಆರಂಭಿಸಿದ 'ಭಾರತ್ ಕೆ ವೀರ್' ಇದಕ್ಕೊಂದು ಒಳ್ಳೆಯ ಉದಾಹರಣೆ. ದಾನಿಯು ಹುತಾತ್ಮ ಯೋಧನ ಹೆಸರನ್ನು ನೋಡಿ ಆತನ ಕುಟುಂಬಕ್ಕೇ ಹಣ ಕಳುಹಿಸಬಹುದು. ಒಂದೇ ಕುಟುಂಬಕ್ಕೆ ಹಣ ಹರಿದು ಉಳಿದವರು ಬರಿಗೈಯಲ್ಲಿ ಉಳಿಯದಂತೆ 15 ಲಕ್ಷ ರೂಪಾಯಿಯ ಮಿತಿಯನ್ನೂ ಇಡಲಾಯಿತು. 2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಪ್ರಾಣ ತೆತ್ತಾಗ ಜನರು ಈ ನಿಧಿಗೆ ಧಾರಾಳವಾಗಿ ನೀಡಿದರು. ಆ ನಲವತ್ತು ಮಂದಿಯಲ್ಲಿ ಮಂಡ್ಯ ಜಿಲ್ಲೆಯ ಎಚ್. ಗುರು ಅವರೂ ಇದ್ದರು, ರಾಜೌರಿಯ ನಸೀರ್ ಅಹ್ಮದ್ ಅವರೂ ಇದ್ದರು.

ಆದರೆ ಅದೇ ದಿನಗಳಲ್ಲಿ ಅದೇ ಮೊಬೈಲ್‌ಗಳಲ್ಲಿ ಇನ್ನೊಂದು ಅಭಿಯಾನವೂ ನಡೆಯಿತು. ಹುತಾತ್ಮರ ದೇಹದ ಭಾಗಗಳೆಂದು ನಕಲಿ ಚಿತ್ರಗಳನ್ನು ಹಂಚಲಾಯಿತು. ಹಲವು ನಗರಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳನ್ನು ಬೆದರಿಸಲಾಯಿತು. ಆಗ ಆ ಚಿತ್ರಗಳನ್ನು ಹಂಚಬೇಡಿರೆಂದು ಕೇಳಿಕೊಂಡದ್ದು, ಆ ವಿದ್ಯಾರ್ಥಿಗಳಿಗೆ 'ಮದದ್‌ಗಾರ್' ಸಹಾಯವಾಣಿಯ ಮೂಲಕ ನೆರವಿನ ಹಸ್ತ ಚಾಚಿದ್ದು ಬೇರಾರೂ ಅಲ್ಲ, ತನ್ನವರನ್ನು ಕಳಕೊಂಡ ಸಿಆರ್‌ಪಿಎಫ್. ಯೋಧರ ಹೆಸರಿನಲ್ಲಿ ದ್ವೇಷ ಬಿತ್ತುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ದಾನವನ್ನು ದಂಡವಾಗಿ ವಸೂಲು ಮಾಡುವ ಪ್ರಯತ್ನವನ್ನೂ ಈ ದೇಶ ಕಂಡಿದೆ. 2016ರ ಅಕ್ಟೋಬರ್‌ನಲ್ಲಿ, ಪಾಕಿಸ್ತಾನದ ಕಲಾವಿದರನ್ನು ಬಳಸಿಕೊಂಡ ಚಿತ್ರ ನಿರ್ಮಾಪಕರು ಸೇನಾ ಕಲ್ಯಾಣ ನಿಧಿಗೆ 5 ಕೋಟಿ ರೂಪಾಯಿ ನೀಡಬೇಕೆಂದು ಮಹಾರಾಷ್ಟ್ರ ನವನಿರ್ಮಾಣ ಸೇನೆ ಪಟ್ಟು ಹಿಡಿಯಿತು. ನಿವೃತ್ತ ಸೇನಾಧಿಕಾರಿಗಳೇ ಇದನ್ನು ಖಂಡಿಸಿದರು. ದೇಣಿಗೆ ಸ್ವಯಂಪ್ರೇರಿತವಾಗಿರಬೇಕೇ ಹೊರತು ಯಾರದೇ ಕುತ್ತಿಗೆ ಹಿಡಿದು ಪಡೆಯುವಂಥದ್ದಲ್ಲವೆಂದು ಅಂದಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಹೇಳಬೇಕಾಯಿತು. ಹೆದರಿಸಿ ಪಡೆದ ಹಣವನ್ನು ಸ್ವಾಭಿಮಾನಿ ಯೋಧ ಬಯಸಲಾರ.

ಒಬ್ಬ ಸತ್ಯವಿಶ್ವಾಸಿಗೆ ಈ ವಿಷಯದಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ. ಸುದ್ದಿಯನ್ನು ಪರಿಶೀಲಿಸದೆ ಅದರ ಮೇಲೆ ವರ್ತಿಸಬಾರದೆಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ. ತೋರಿಕೆಗಾಗಿ ಮಾಡಿದ ದಾನ ನಿಷ್ಫಲವೆಂದೂ ಅದು ಕಲಿಸಿದೆ. ಅನಾಥರ ಮತ್ತು ವಿಧವೆಯರ ಆಸರೆಯಾಗುವುದಂತೂ ಪ್ರವಾದಿವರ್ಯರು(ಸ) ಅತ್ಯಂತ ಒತ್ತು ಕೊಟ್ಟ ಪುಣ್ಯಕಾರ್ಯ. ಹುತಾತ್ಮ ಯೋಧನ ಮಕ್ಕಳು ಆ ಅನಾಥರಲ್ಲಿ ಸೇರುವುದಿಲ್ಲವೇ?

ಆದ್ದರಿಂದ ನಾವು ಕೊಡೋಣ, ಆದರೆ ತಿಳಿದು ಕೊಡೋಣ. ಅರೆಸೇನಾ ಪಡೆಗಳವರಿಗೆ 'ಭಾರತ್ ಕೆ ವೀರ್' ಇದೆ. ಕಾರ್ಯಾಚರಣೆಯಲ್ಲಿ ಮಡಿದ ಅಥವಾ ಗಾಯಗೊಂಡ ಭೂಸೇನೆ, ನೌಕಾಪಡೆ, ವಾಯುಪಡೆಗಳ ಯೋಧರಿಗಾಗಿ ಸಶಸ್ತ್ರ ಪಡೆಗಳ ಯುದ್ಧ ಸಂತ್ರಸ್ತರ ಕಲ್ಯಾಣ ನಿಧಿಯಿದೆ. ಅದಕ್ಕೆ ದೇಣಿಗೆ ನೀಡಲೆಂದು 2022ರಲ್ಲಿ 'ಮಾ ಭಾರತಿ ಕೆ ಸಪೂತ್' ತಾಣವನ್ನು ತೆರೆಯಲಾಯಿತು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನದ ನಿಧಿ ಸಂಗ್ರಹ ನಡೆಯುತ್ತಾ ಬಂದಿದೆ. ವಿಚಾರಿಸಬೇಕಾದುದು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ, ಯಾರೋ ಕಳುಹಿಸಿದ ಸಂದೇಶದಲ್ಲಲ್ಲ.

ಜಾಲತಾಣದ ಉದ್ವೇಗ ಬಹುಕಾಲ ಉಳಿಯುವುದಿಲ್ಲ. ಆದರೆ ಕಾಲು ಕಳಕೊಂಡ ಯೋಧನ ಕಷ್ಟ ಬದುಕಿನುದ್ದಕ್ಕೂ ಇರುತ್ತದೆ. ಆತನ ಪಿಂಚಣಿ, ಚಿಕಿತ್ಸೆಗಳು ಸರಕಾರದ ಕರ್ತವ್ಯ. ಜನರ ದೇಣಿಗೆಯನ್ನು ತೋರಿಸಿ ಸರಕಾರ ಅದರಿಂದ ನುಣುಚಿಕೊಳ್ಳಬಾರದು. ಹಣ ನೀಡಲು ಕೇಳಿಕೊಳ್ಳುವಷ್ಟೇ ಶ್ರದ್ಧೆಯಿಂದ ಈ ಪ್ರಶ್ನೆಯನ್ನೂ ನಮ್ಮ ಯುವಕರು ಜಾಲತಾಣಗಳಲ್ಲಿ ಎತ್ತಬೇಕು.

1948ರಲ್ಲಿ ಕಾಶ್ಮೀರದ ರಣಾಂಗಣದಲ್ಲಿ ಬ್ರಿಗೇಡಿಯರ್ ಉಸ್ಮಾನ್, 1965ರಲ್ಲಿ ಖೇಮಕರಣ್‌ನಲ್ಲಿ ಅಬ್ದುಲ್ ಹಮೀದ್ ಪ್ರಾಣ ಕೊಟ್ಟದ್ದು ಯಾರಿಗೋ ತಮ್ಮ ದೇಶಪ್ರೇಮವನ್ನು ರುಜುವಾತುಪಡಿಸಲಿಕ್ಕಲ್ಲ. ಕರ್ತವ್ಯವೆಂದು ಕೊಟ್ಟರು. ನಾವು ನೀಡುವ ನೂರು ರೂಪಾಯಿಯೂ ಅಳುಕಿನಿಂದಲ್ಲ, ಅದೇ ಕರ್ತವ್ಯಪ್ರಜ್ಞೆಯಿಂದ ಹೊರಡಲಿ.