‘ಯಾರ ಪೈಕಿ ತಮ್ಮಾ ನೀ?’

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಅಂಗಡಿಕಾರರಿಗೆ, ಗ್ಯಾರೇಜು–ಗಿರಣಿಗಳ ಮಾಲೀಕರಿಗೆ, ಹೊಲಿಗೆ ಅಂಗಡಿಯ ಅಕ್ಕಂದಿರಿಗೆ

ನಮ್ಮ ಕಡೆ ಕೆಲಸ ಕೇಳಿಕೊಂಡು ಬಂದ ಹುಡುಗನನ್ನು ‘ಏನು ಕಲಿತೀದಿ?’ ಎಂದು ಆಮೇಲೆ ಕೇಳುತ್ತೇವೆ. ಮೊದಲು ಕೇಳುವುದು ‘ಯಾರ ಪೈಕಿ ತಮ್ಮಾ ನೀ?’ ಅಂತ. ಅಕ್ಕಿಆಲೂರಿನ ಇಂಥವರ ಅಳಿಯ, ಬಂಕಾಪುರದ ಇಂಥವರ ಸಣ್ಣ ಮಗ ಅಂದರೆ ಸಾಕು, ಸ್ಟೂಲು ಎಳೆದು ಕೂರಿಸಿ ಚಹಾ ಹೇಳುತ್ತೇವೆ. ಬಾಲಮಂದಿರದಲ್ಲಿ ಬೆಳೆದು, 18 ತುಂಬಿದ ಮೇಲೆ ಟ್ರಂಕು ಹಿಡಿದು ಹೊರಬಿದ್ದವನ ಹತ್ತಿರ ಅಂಕಪಟ್ಟಿ ಇರುತ್ತದೆ, ಆಧಾರ್ ಇರುತ್ತದೆ, ಹೊಲಿಗೆಯದೋ ಕಂಪ್ಯೂಟರಿನದೋ ಸರ್ಟಿಫಿಕೇಟೂ ಇರಬಹುದು. ಪೈಕಿ ಮಾತ್ರ ಇರುವುದಿಲ್ಲ.

ಹಿರೇಕೆರೂರು ಸೀಮೆಯವರು ನಮ್ಮವನೆಂದು ಹೆಮ್ಮೆಪಡುವ ಸರ್ವಜ್ಞನೂ, ಜನ ಹೇಳುವ ಕತೆಯಲ್ಲಿ, ಯಾರ ಮಗ ಎಂದು ಕೇಳಿದ್ದಕ್ಕೇ ಮನೆ ಬಿಟ್ಟವನು.

ನಾವು ಕೇಳುವುದು ಇಷ್ಟೇ: ಒಂದು ಅಂಗಡಿ, ಒಬ್ಬ ಹುಡುಗ ಅಥವಾ ಹುಡುಗಿ, ಆರು ತಿಂಗಳ ಕೆಲಸ, ಕೈಗೆ ಸಂಬಳ. ಆಮೇಲೆ ನಿಮ್ಮಲ್ಲೇ ಉಳಿಯಬೇಕೆಂದಿಲ್ಲ. ನಾಳೆ ಹುಬ್ಬಳ್ಳಿಯಲ್ಲಿ ನಿಂತು ‘ಶಿಗ್ಗಾವಿಯ ಇಂಥ ಗ್ಯಾರೇಜಿನಾಗ ಇದ್ನಿ, ಮಾಲಕ್ರಿಗೆ ಫೋನ್ ಹಚ್ಚಿ ಕೇಳ್ರಿ’ ಎನ್ನಲು ಬಂದರೆ ಅವನಿಗೆ ಪೈಕಿ ಸಿಕ್ಕ ಹಾಗೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮು ಸಂಸ್ಥೆ ಬಿಟ್ಟವರಿಗೆ ಅನುಪಾಲನೆಯ ನೆರವು ಕೊಡಲು ಅವಕಾಶ ಮಾಡಿದೆ. ಅದು ಸಾಮಾನ್ಯವಾಗಿ 21 ವರ್ಷದವರೆಗೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ದುಡ್ಡು ಕೈಗೆ ಬರುತ್ತದೆಯೇ ಹೊರತು ಕೆಲಸದ ಗುರುತು ಬರುವುದಿಲ್ಲ. ಉಳಿದ ಯೋಜನೆಗಳನ್ನು ನೋಡಿ. 2024ರಲ್ಲಿ ಶುರುವಾದಾಗ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24 ವಯಸ್ಸಿನವರಿಗೆ ಇತ್ತು, ಅದೂ ದೇಶದ ದೊಡ್ಡ 500 ಕಂಪನಿಗಳಲ್ಲಿ. ಅಂದರೆ ಅನುಪಾಲನೆಯ ಬಾಗಿಲು ಮುಚ್ಚುವ ವಯಸ್ಸಿಗೆ ಅದರ ಬಾಗಿಲು ತೆರೆಯಿತು. ಯುವನಿಧಿಗೆ ಪದವಿ ಇಲ್ಲವೇ ಡಿಪ್ಲೊಮಾ ಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ 18ರ ಹುಡುಗಿ ನಡುವೆ ನಿಂತಿದ್ದಾಳೆ.

ಆಸರೆ ಇಲ್ಲದವರಿಗೆ ಕೆಲಸ ಕಲಿಸಿ ನಿಲ್ಲಿಸುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನನ್ನು ಕರೆತಂದು ಅನ್ನ ಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಮಠದ ಕಟ್ಟೆಯ ಮೇಲೇ ಮುದುಕನಾಗುತ್ತಿದ್ದ. ಅವರು ಗುರುಗಳನ್ನು ಹುಡುಕಿ ಸಂಗೀತ ಕಲಿಸಿದರು. ಅವನೇ ಪಂಚಾಕ್ಷರಿ ಗವಾಯಿ. ಆ ಗವಾಯಿಗಳು ಮುಂದೆ ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ನಾಟಕ ಕಂಪನಿಯೊಂದಿಗೆ ಊರೂರು ತಿರುಗಿದರು. ಶಿಷ್ಯರು ಕಲಿತದ್ದು ಕೋಣೆಯಲ್ಲಿ ಮಾತ್ರವಲ್ಲ. ಟಿಕೆಟ್ ಕೊಂಡು ಬಂದ ಜನರ ಮುಂದೆ ಹಾರ್ಮೋನಿಯಂ, ತಬಲ ನುಡಿಸುತ್ತ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. ಇದೇ ಹಾನಗಲ್ಲ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ತಯಾರಾದದ್ದೂ ಹೀಗೆ.

ನಿಮ್ಮಲ್ಲಿ ಹಾರ್ಮೋನಿಯಂ ಇಲ್ಲದಿದ್ದರೇನು! ಸವಣೂರಿನ ಖಾರದ ಅಂಗಡಿಯಲ್ಲಿ ಬಾಣಲೆ ಮುಂದೆ ನಿಂತು ಎಣ್ಣೆಯ ಹದ ತಿಳಿಯುವುದಕ್ಕೆ ಯಾವ ಕೋರ್ಸೂ ಇಲ್ಲ. ಅಕ್ಕಿಆಲೂರಿನ ಮಾವಿನ ತಿರುಳಿನ ಘಟಕದವರು ಹಂಗಾಮಿನಲ್ಲಿ ಬರೀ ಕ್ರೇಟು ಹೊರಲು ಕರೆಯದೆ ತೂಕದ ಲೆಕ್ಕ, ಯಂತ್ರದ ಕೆಲಸ ತೋರಿಸಲಿ. ಕಲಾವಿದ ಸೊಲಬಕ್ಕನವರ ಗೊಟಗೋಡಿಯ ರಾಕ್ ಗಾರ್ಡನ್ ನೋಡಿದವರಿಗೆ ಸಿಮೆಂಟು, ಬಣ್ಣ ಹಿಡಿದ ಕೈಯಲ್ಲೂ ಅನ್ನವಿದೆ ಎಂದು ಬೇರೆ ಹೇಳಬೇಕೆ? ಹಿರೇಕೆರೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರ್ ಸುತ್ತುವವನ ಮುಂದೆ ಬೇಸಿಗೆಯಲ್ಲಿ ರೈತರ ಪಾಳಿ ನಿಂತಿರುತ್ತದೆ. ಅವನಿಗೆ ಇನ್ನೊಂದು ಕೈ ಬೇಕೇ ಬೇಕು.

ಒಂದು ಮಾತು ಖಡಾಖಂಡಿತ. ‘ಕೆಲಸ ಕಲಿಸ್ತೀವಿ, ಊಟ ಹಾಕ್ತೀವಿ, ಪಗಾರ ಯಾಕ?’ ಎನ್ನುವವರಿಗೆ ಈ ಕರಪತ್ರ ಅಲ್ಲ. ಕೇಳುವವರಿಲ್ಲದ ಹುಡುಗನನ್ನು ಬಿಟ್ಟಿ ದುಡಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಜೀತ. ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ ಎಂದಿತು. ನಾಲ್ಕು ಜನ ಕೆಲಸಗಾರರಿರುವ ಸಣ್ಣ ಘಟಕವೂ ಇಷ್ಟವಿದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬಹುದು.

‘ಬಾಲಮಂದಿರದವ ಅಂದ್ರ ಏನೋ ಮಾಡಿ ಬಂದಿರ್ತಾನ’ ಎಂಬ ಅಂಜಿಕೆಯೂ ಇದೆ. ಬಾಲಮಂದಿರ ಬೇರೆ, ಅಪರಾಧದ ಆರೋಪ ಹೊತ್ತ ಮಕ್ಕಳನ್ನಿಡುವ ವೀಕ್ಷಣಾಲಯ ಬೇರೆ. ಬಾಲಮಂದಿರದ ಮಕ್ಕಳು ಮಾಡಿದ ತಪ್ಪೇನೆಂದರೆ ನೋಡಿಕೊಳ್ಳುವವರಿಲ್ಲದೆ ಹೋದದ್ದು.

ಸಂಸ್ಥೆ ನಡೆಸುವವರಿಗೂ ಒಂದು ಮಾತು. ಮಗು ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು ಒಪ್ಪಿಸಬೇಕೆಂದು ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮ ಹೇಳುತ್ತದೆ. ಆ ಹಾಳೆಯಲ್ಲಿ ‘ಕೌಶಲ ತರಬೇತಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅಂಗಡಿಯ ಹೆಸರು ಬರೆಯಿರಿ, ಮಲಗುವ ಕೋಣೆ ಯಾವ ಓಣಿಯಲ್ಲಿದೆ ಎಂದು ಬರೆಯಿರಿ.

ಮಾಲೀಕರೇ, ನಿಮ್ಮ ಕೆಲಸ ಏನು, ಎಷ್ಟು ಜನರನ್ನು ತೆಗೆದುಕೊಳ್ಳಬಲ್ಲಿರಿ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಎಂದು ಒಂದು ಹಾಳೆಯಲ್ಲಿ ಬರೆದು, ಅಂಗಡಿಯ ಸೀಲು ಹಾಕಿ, ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮುಟ್ಟಿಸಿ.