ಮರಳಿನ ಕಣದಲ್ಲೊಂದು ದೀಪ

ಕ್ಯಾನ್ಸರ್ ಗಡ್ಡೆಯ ಶಸ್ತ್ರಚಿಕಿತ್ಸೆ ಮುಗಿದೊಡನೆ ಮನೆಮಂದಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: 'ಪೂರ್ತಿ ತೆಗೆದರೇ?' ಈ ಪ್ರಶ್ನೆ ವೈದ್ಯರನ್ನೂ ಕಾಡುತ್ತದೆ. ಗಡ್ಡೆಯ ಅಂಚು ಹೊಲದ ಬದುವಿನಂತೆ ಸ್ಪಷ್ಟವಾಗಿರುವುದಿಲ್ಲ. ಕರಿಕೆಯ ಬೇರಿನಂತೆ ಸುತ್ತಲೂ ಹರಡಿರಬಹುದು. ಹೆಚ್ಚು ಕೊಯ್ದರೆ ಅಂಗಕ್ಕೆ ಹಾನಿ, ಕಡಿಮೆ ಕೊಯ್ದರೆ ರೋಗ ಮರುಕಳಿಸುವ ಭಯ.

ಆ ಅಂಚನ್ನೇ ಬೆಳಗಿಸಿ ತೋರಿಸಬಲ್ಲ ಸೂಕ್ಷ್ಮ ಕಣಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ಇವುಗಳ ಅಳತೆ ನ್ಯಾನೋಮೀಟರಿನಲ್ಲಿ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ. ಇಂತಹ ಕಣಗಳಲ್ಲಿ ಕ್ವಾಂಟಮ್ ಬಿಂದುಗಳು ಪ್ರಸಿದ್ಧ. ವಸ್ತು ಒಂದೇ ಆದರೂ ಗಾತ್ರ ಬದಲಾದಂತೆ ಅವುಗಳ ಬಣ್ಣ ಬದಲಾಗುತ್ತದೆ: ಸಣ್ಣವು ನೀಲಿ, ದೊಡ್ಡವು ಕೆಂಪು. ಇವುಗಳ ಶೋಧ ಮತ್ತು ತಯಾರಿಕೆಗಾಗಿ ಬಾವೆಂಡಿ, ಬ್ರೂಸ್ ಮತ್ತು ಎಕಿಮೊವ್ ಅವರಿಗೆ 2023ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಇವುಗಳಲ್ಲಿ ಹಲವು ಕ್ಯಾಡ್ಮಿಯಂ ಎಂಬ ವಿಷಲೋಹದಿಂದ ಆದವು. ರೋಗಿಯ ದೇಹಕ್ಕೆ ಅವನ್ನು ಸೇರಿಸಲು ಹಿಂಜರಿಕೆ ಸಹಜವೇ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಉಲ್ರಿಚ್ ವೀಸ್ನರ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಮರಳಿನ ಮೂಲದ್ರವ್ಯವಾದ ಸಿಲಿಕಾದೊಳಗೆ ಹೊಳೆಯುವ ಬಣ್ಣವನ್ನು ಅಡಗಿಸಿಟ್ಟರು. ಗಡ್ಡೆಯ ಗುರುತು ಹಿಡಿಯುವ ಅಣುಗಳನ್ನು ಹೊರಮೈಗೆ ಜೋಡಿಸಿದರು. ಮಾನವರ ಮೇಲಿನ ಮೊದಲ ಪ್ರಯೋಗಕ್ಕೆ 2011ರಲ್ಲಿ ಅಲ್ಲಿಯ ಸರ್ಕಾರ ಅನುಮತಿ ನೀಡಿತು. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಚರ್ಮದ ಕ್ಯಾನ್ಸರ್ ಹರಡಿದ್ದ 5 ಮಂದಿಗೆ ಈ ಕಣಗಳನ್ನು ನೀಡಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಣಗಳಿಂದ ಅವರಿಗೆ ತೊಂದರೆಯಾಗಲಿಲ್ಲ. ಅವು ಮೂತ್ರದ ಮೂಲಕ ಹೊರಬಂದವು. ಸುಮಾರು 6-7 ನ್ಯಾನೋಮೀಟರಿನ ಗಾತ್ರವೇ ಇದರ ಗುಟ್ಟು. ಇನ್ನೂ ದೊಡ್ಡವಾಗಿದ್ದರೆ ಮೂತ್ರಪಿಂಡದ ಜರಡಿಯನ್ನು ದಾಟದೆ ಯಕೃತ್ತಿನಲ್ಲಿ ಉಳಿಯುವ ಸಂಭವವಿತ್ತು. ಬಂದ ಕೆಲಸ ಮುಗಿಸಿ ಹೊರಡುವುದೂ ಔಷಧದ ಒಂದು ಗುಣವೇ ಸರಿ.

ಮತ್ತೆ ಕೆಲವು ಕಣಗಳು ಬೆಳಕು ತಾಗಿದೊಡನೆ ಕಾದು ರೋಗಕೋಶಗಳನ್ನು ಸುಡಬಲ್ಲವು. ಆದರೆ ಬೆಳಕು ಮೈಯೊಳಗೆ ಬಹಳ ಆಳಕ್ಕೆ ಇಳಿಯಲಾರದು. ಆದ್ದರಿಂದ ಒಳಗಿನ ಗಡ್ಡೆಗೆ ಬೆಳಕನ್ನು ನಳಿಕೆಯ ಮೂಲಕವೇ ಒಯ್ಯಬೇಕಾಗುತ್ತದೆ.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಹೊಳೆಯುವ ಕಣಗಳ ಬಳಕೆ ಬಹುಮಟ್ಟಿಗೆ ಪ್ರಯೋಗದ ಹಂತದಲ್ಲಿದೆ. 'ನ್ಯಾನೋ' ಎಂಬ ಹೆಸರು ಹೇಳಿ ಯಾರಾದರೂ ಔಷಧ ಮಾರಿದರೆ ತಜ್ಞವೈದ್ಯರನ್ನು ಕೇಳದೆ ಕೊಳ್ಳಬಾರದು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಎದೆಯಲ್ಲಿ ಗಂಟು ಕಂಡರೂ ನಮ್ಮ ತಾಯಂದಿರು ಸಂಕೋಚದಿಂದ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ; ಬಾಯೊಳಗಿನ ವಾಸಿಯಾಗದ ಹುಣ್ಣನ್ನು ಹಿರಿಯರು ಕಡೆಗಣಿಸುತ್ತಾರೆ. ಯಾವ ಕಣದ ಬೆಳಕೂ ಬರುವ ಮೊದಲೇ ಮನೆಯವರ ಕಣ್ಣಿಗೆ ಬೀಳಬಲ್ಲ ಸೂಚನೆಗಳಿವು. ಅವನ್ನು ಬಚ್ಚಿಡದೆ ಇಂದೇ ವೈದ್ಯರಿಗೆ ತೋರಿಸೋಣ.