ಮುಚ್ಚಿದ ಮನೆಯ ಗಾಳಿ: ಆಕ್ಷೇಪಗಳಿಗೆ ಉತ್ತರ

ಊರಿನಲ್ಲಿ ಮನೆ ಕಟ್ಟಿಸುತ್ತಿರುವ ಬಹ್ರೇನ್ ಕನ್ನಡಿಗರು ನೆಲಕ್ಕೆ ಕಾಂಕ್ರೀಟ್ ಹಾಕಿಸುವ ಮೊದಲು ರೇಡಾನ್ ಅನಿಲದ ಬಗ್ಗೆ ಒಮ್ಮೆ ಯೋಚಿಸಬೇಕು, ಇಲ್ಲಿ ನೆಲಮಹಡಿಯಲ್ಲಿ ವಾಸವಿರುವವರು ಮಲಗುವ ಕೋಣೆಯ ಗಾಳಿಯನ್ನು ಅಳೆದು ನೋಡಬೇಕು. ನಾನು ಹೇಳಿದ್ದು ಇಷ್ಟೇ. ಇಲ್ಲಿನ ಸೆಗಯಾ ಬಡಾವಣೆಯ ನಮ್ಮವರ ನಡುವೆ ಅದಕ್ಕೆ ಎದ್ದ ಆಕ್ಷೇಪಗಳು ಒಂದೆರಡಲ್ಲ. ಆಕ್ಷೇಪಿಸಿದವರಲ್ಲಿ ಓದಿಕೊಂಡವರಿದ್ದಾರೆ, ಕಟ್ಟಡದ ಕೆಲಸದಲ್ಲಿ ಪಳಗಿದ ಎಂಜಿನಿಯರುಗಳಿದ್ದಾರೆ. ಅವರ ಮಾತನ್ನು ಕೇಳಿಯೂ ಕೇಳದಂತೆ ಬಿಡುವುದು ಸರಿಯಲ್ಲ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ವಿಷಯ ಹೊಸದು ಎನ್ನುವವರಿಗಾಗಿ ಮೊದಲು ನಾಲ್ಕು ಮಾತು. ಎಲ್ಲ ಮಣ್ಣಿನಲ್ಲಿ, ಎಲ್ಲ ಕಲ್ಲಿನಲ್ಲಿ ಚೂರುಪಾರು ಯುರೇನಿಯಂ ಇದ್ದೇ ಇದೆ. ಅದು ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂ ಕ್ಷಯಿಸಿದಾಗ ರೇಡಾನ್ ಹುಟ್ಟುತ್ತದೆ. ಯುರೇನಿಯಂ, ರೇಡಿಯಂ ಘನವಸ್ತುಗಳು, ಇದ್ದಲ್ಲೇ ಇರುತ್ತವೆ. ರೇಡಾನ್ ಅನಿಲವಾದ್ದರಿಂದ ಮಣ್ಣಿನ ಸಂದುಗಳಲ್ಲಿ ಮೇಲೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಯೊಂದಿಗೆ ಬೆರೆತು ತೆಳುವಾಗಿಬಿಡುತ್ತದೆ. ನೆಲದ ಬಿರುಕಿನಿಂದಲೋ ಪೈಪು ಹಾದುಬರುವ ತೂತಿನಿಂದಲೋ ಮನೆಯೊಳಗೆ ಬಂದು, ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕೂಡಿಕೊಳ್ಳುತ್ತದೆ. ಅದರಿಂದ ಹುಟ್ಟುವ ಪೊಲೋನಿಯಂ ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿದು ಅಲ್ಲೇ ಆಲ್ಫಾ ವಿಕಿರಣ ಹೊರಸೂಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆನ್ನುವ ಮೊದಲ ಗುಂಪಿಗೆ ಸೇರಿಸಿತು. ಇದರ ಅಳತೆ ಬೆಕೆರಲ್: ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕೆರಲ್. ಮನೆಯ ಗಾಳಿಯಲ್ಲಿ ಘನಮೀಟರಿಗೆ 100 ಬೆಕೆರಲ್ ದಾಟಬಾರದು, ಅದು ಸಾಧ್ಯವೇ ಇಲ್ಲದ ಕಡೆ 300 ಅಂತೂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ. ಜಗತ್ತಿನ ಮನೆಗಳ ಸರಾಸರಿ ಸುಮಾರು 40.

ಈಗ ಮೊದಲ ಆಕ್ಷೇಪ. ಇದು ಚಳಿದೇಶದವರ ಸಮಸ್ಯೆ, ನೆಲಮಾಳಿಗೆ ಕಟ್ಟಿಕೊಂಡು ಬಾಗಿಲು ಹಾಕಿ ಕೂರುವವರ ಸಮಸ್ಯೆ, ನಮಗೇಕೆ ಎನ್ನುತ್ತಾರೆ. ಜಗತ್ತು ಇದರ ಬಗ್ಗೆ ಎಚ್ಚೆತ್ತದ್ದು ಅಂಥ ದೇಶದಲ್ಲೇ ಎಂಬುದು ನಿಜ. 1984ರ ಡಿಸೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಲಿಮೆರಿಕ್ ಅಣುಸ್ಥಾವರಕ್ಕೆ ಕೆಲಸಕ್ಕೆ ಬಂದಾಗ ಅಲ್ಲಿನ ವಿಕಿರಣ ಪತ್ತೆ ಯಂತ್ರ ಕೂಗಿಕೊಂಡಿತು. ಸ್ಥಾವರದಿಂದ ಹೊರಡುವಾಗ ಕೂಗಿದ್ದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅದು ಕೂಗಿದ್ದು ಅವರು ಮನೆಯಿಂದ ಬರುವಾಗ. ಅವರ ಮನೆಯ ಗಾಳಿ ಪರೀಕ್ಷಿಸಿದರೆ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರಲ್. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಚಳಿಗಾಲದಲ್ಲಿ ಬೆಚ್ಚಗಿನ ಗಾಳಿ ಮನೆಯೊಳಗೆ ಮೇಲೇರಿ, ಆ ಸೆಳೆತಕ್ಕೆ ನೆಲದಡಿಯ ಗಾಳಿ ಒಳಗೆ ಬರುತ್ತದೆ. ನಮ್ಮಲ್ಲಿ ಆ ಸೆಳೆತ ಕಡಿಮೆ. ಆದರೆ ಬಹ್ರೇನಿನಲ್ಲಿ ಮೇ ತಿಂಗಳಲ್ಲಿ ಹಾಕಿದ ಕಿಟಕಿಯನ್ನು ನಾವು ಮತ್ತೆ ತೆರೆಯುವುದು ಯಾವಾಗ? ಅಕ್ಟೋಬರ್ ಕಳೆಯಬೇಕು. ನಡುವೆ ಶಮಾಲ್ ಗಾಳಿಯ ಧೂಳು ಬಂದರೆ ಇದ್ದಬದ್ದ ಸಂದಿಗೂ ಬಟ್ಟೆ ತುರುಕುತ್ತೇವೆ. ಚಳಿಗೆ ಹಾಕಿದರೂ ಸೆಕೆಗೆ ಹಾಕಿದರೂ ಕಿಟಕಿ ಹಾಕಿದ್ದೇ. ಅದರ ಮೇಲೆ ಅಡುಗೆಮನೆಯ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ, ಹೊರಹೋದ ಗಾಳಿಯ ಜಾಗ ತುಂಬಲು ಎಲ್ಲಿಂದಲಾದರೂ ಗಾಳಿ ಬರಲೇಬೇಕು. ಕಿಟಕಿ ಹಾಕಿದ ಮನೆಯಲ್ಲಿ ಅದು ನೆಲದ ಬಿರುಕಿನಿಂದಲೂ ಬರುತ್ತದೆ.

ಹಾಗೆಂದು ಸೆಗಯಾದ ಪ್ರತಿ ಫ್ಲಾಟಿನಲ್ಲೂ ಅಪಾಯ ಕೂತಿದೆ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಈ ದ್ವೀಪ ಬಹುಪಾಲು ಸುಣ್ಣಕಲ್ಲಿನದು. ಸಾಮಾನ್ಯವಾಗಿ ಸುಣ್ಣಕಲ್ಲಿನಲ್ಲಿ ಗ್ರಾನೈಟಿನಷ್ಟು ಯುರೇನಿಯಂ ಇರುವುದಿಲ್ಲ. ಮಹಡಿ ಮೇಲೇರಿದಂತೆ ಮಣ್ಣಿನಿಂದ ಬರುವ ರೇಡಾನ್ ತೀರಾ ಇಳಿಯುತ್ತದೆ. ನಾಲ್ಕನೆಯ ಮಹಡಿಯಲ್ಲಿರುವವರು ಇದಕ್ಕಾಗಿ ಒಂದು ಫಿಲ್ಸ್ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ನೆಲಮಹಡಿಯವರ ಮಾತು ಬೇರೆ, ಹಳೆಯ ವಿಲ್ಲಾಗಳ ಮಾತು ಬೇರೆ.

"ಎಸಿ ಇದೆಯಲ್ಲ, ಗಾಳಿ ಶುದ್ಧವಾಗುತ್ತಿರುತ್ತದೆ" ಎಂದವರಿಗೆ ಉತ್ತರ ಚಿಕ್ಕದು. ಗೋಡೆಗೆ ತಗುಲಿಸುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣಿಸಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಅದರ ಜಾಲರಿ ಧೂಳನ್ನು ಹಿಡಿಯುತ್ತದೆ, ಅನಿಲವನ್ನು ಹಿಡಿಯಲಾರದು.

ಹೆಚ್ಚು ಸಲ ಕೇಳಿಬಂದ ಮಾತು ನಮ್ಮ ಹಿರಿಯರದು. ಅಜ್ಜ ಅಜ್ಜಿ ಕೆಂಪುಕಲ್ಲಿನ ಮನೆಯಲ್ಲಿ, ಸೆಗಣಿ ಸಾರಿಸಿದ ಮಣ್ಣುನೆಲದ ಮೇಲೆ ಚಾಪೆ ಹಾಸಿ ಮಲಗಿ ಎಂಬತ್ತು ದಾಟಿ ಬದುಕಿದರು, ಅವರಿಗಿಲ್ಲದ ರೇಡಾನ್ ನಮಗೆಲ್ಲಿಂದ ಬಂತು ಎಂದು. ಈ ಮಾತಿನಲ್ಲಿ ಪ್ರೀತಿ ಇದೆ, ಹಾಗಾಗಿ ಇದಕ್ಕೆ ಉತ್ತರಿಸುವಾಗ ನಿಧಾನ ಬೇಕು. ಆ ಮನೆಯನ್ನು ನೆನಪಿಸಿಕೊಳ್ಳಿ. ಮೇಲೆ ಮಂಗಳೂರು ಹಂಚು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಊರೂರಿಗೂ ಹಬ್ಬಿದ ಹಂಚು ಅದು. ಹಂಚು ಹಂಚಿನ ನಡುವಿನ ಸಂದಿಯಲ್ಲಿ ಹಗಲೂ ರಾತ್ರಿ ಗಾಳಿ ಆಡುತ್ತಿತ್ತು. ಚಾವಡಿಗೆ ಗೋಡೆಯೇ ಇರಲಿಲ್ಲ, ಅಡುಗೆಮನೆಯ ಹೊಗೆ ಹೋಗಲು ಮಾಡಿನಲ್ಲಿ ದಾರಿ ಇತ್ತು. ಆ ನೆಲದಿಂದಲೂ ರೇಡಾನ್ ಬರುತ್ತಿತ್ತು, ಬಹುಶಃ ನಮ್ಮ ಟೈಲ್ಸ್ ನೆಲಕ್ಕಿಂತ ಹೆಚ್ಚೇ ಬರುತ್ತಿತ್ತು. ಆದರೆ ಬಂದದ್ದು ನಿಲ್ಲುತ್ತಿರಲಿಲ್ಲ. ಈಗ ಅದೇ ಜಾಗದಲ್ಲಿ, ಗಲ್ಫಿನಲ್ಲಿ ದುಡಿದ ಹಣದಿಂದ ನಾವು ಕಟ್ಟಿಸುವುದು ಯಾವ ಮನೆ? ಆರ್‌ಸಿಸಿ ತಾರಸಿ, ರಬ್ಬರ್ ಅಂಚಿನ ಯುಪಿವಿಸಿ ಕಿಟಕಿ, ಪ್ರತಿ ಕೋಣೆಗೂ ಎಸಿ. ಇಲ್ಲಿ ಇಪ್ಪತ್ತು ವರ್ಷ ಮುಚ್ಚಿದ ಕೋಣೆಯಲ್ಲಿ ಮಲಗಿ ಅಭ್ಯಾಸವಾದವರು ಊರಿನಲ್ಲೂ ಅದೇ ಕೋಣೆಯನ್ನು ಕೇಳುತ್ತೇವೆ. ಅಜ್ಜನ ನೆಲವನ್ನು ಉಳಿಸಿಕೊಂಡು ಅಜ್ಜನ ಗಾಳಿಯನ್ನು ತೆಗೆದುಹಾಕಿದ ಮೇಲೆ ಅಜ್ಜನ ಆಯುಸ್ಸನ್ನು ಸಾಕ್ಷಿಗೆ ಕರೆಯುವಂತಿಲ್ಲ. ನಾನು ಎತ್ತಿದ ಪ್ರಶ್ನೆಯ ತಿರುಳೇ ಇದು.

ಇನ್ನೊಂದು ಮಾತು. ಎಂಬತ್ತು ದಾಟಿದವರನ್ನು ನಾವು ಕಂಡಿದ್ದೇವೆ, ಅವರೇ ನೆನಪಿನಲ್ಲಿದ್ದಾರೆ. ಕೆಮ್ಮಿ ಕೆಮ್ಮಿ ಐವತ್ತೈದಕ್ಕೆ ಹೋದವರ ಎದೆಯಲ್ಲಿ ಏನಿತ್ತೆಂದು ಆ ಕಾಲದಲ್ಲಿ ನೋಡಿದವರು ಯಾರು? ಕ್ಷಯ ಎಂದರು, ದಮ್ಮು ಎಂದರು, ಅಷ್ಟಕ್ಕೇ ಮುಗಿಯಿತು.

ಸೆಗಯಾದಲ್ಲಿ ಕೇರಳೀಯ ಸಮಾಜಂ ಇದೆ, ಹಾಗಾಗಿ ಕೊಲ್ಲಂ ಕಡೆಯವರೊಂದಿಗೆ ನಮ್ಮ ಒಡನಾಟ ಹೆಚ್ಚು. ಅವರಿಂದ ಬಂದ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅವರ ಕಡೆಯ ಕರುನಾಗಪಳ್ಳಿಯ ಕಡಲತೀರದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ತುಂಬಿದೆ. ಅಲ್ಲಿನ ಸಹಜ ವಿಕಿರಣ ಬೇರೆಡೆಗಿಂತ ಹಲವು ಪಟ್ಟು ಹೆಚ್ಚು. ಆದರೂ ಅಲ್ಲಿನ ಜನರಲ್ಲಿ ಕ್ಯಾನ್ಸರ್ ಹೆಚ್ಚಿಲ್ಲವೆಂದು ಅಧ್ಯಯನವೇ ಹೇಳಿದೆಯಲ್ಲ ಎಂದರು. ಹೌದು, ಹೇಳಿದೆ. ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2009ರಲ್ಲಿ ಪ್ರಕಟವಾದ ಆ ಅಧ್ಯಯನವನ್ನು ನಾನೂ ಗೌರವಿಸುತ್ತೇನೆ. ಆದರೆ ಅದು ಅಳೆದದ್ದು ಮರಳಿನಿಂದ ಬರುವ ಗಾಮಾ ಕಿರಣಗಳನ್ನು. ಅವು ಹೊರಗಿನಿಂದ ಬಂದು ಇಡೀ ಮೈಯನ್ನು ಹಾದುಹೋಗುತ್ತವೆ. ರೇಡಾನಿನ ಮಕ್ಕಳಾದ ಪೊಲೋನಿಯಂ ಕಣಗಳು ಶ್ವಾಸನಾಳದ ಒಳಪದರದ ಮೇಲೆ ಕೂತು ಆಲ್ಫಾ ಬಿಡುತ್ತವೆ. ಆಲ್ಫಾ ದೂರ ಹೋಗದು, ಇದ್ದ ಶಕ್ತಿಯನ್ನೆಲ್ಲ ಪಕ್ಕದ ಜೀವಕೋಶಗಳಲ್ಲೇ ಸುರಿಯುತ್ತದೆ. ಎರಡನೆಯದಾಗಿ, ಮೊನಜೈಟಿನಲ್ಲಿರುವ ವಿಕಿರಣಶೀಲ ವಸ್ತು ಮುಖ್ಯವಾಗಿ ಥೋರಿಯಂ. ಥೋರಿಯಂನಿಂದ ಹುಟ್ಟುವ ಅನಿಲ ಥೋರಾನ್. ಒಂದು ನಿಮಿಷ ತುಂಬುವ ಮೊದಲೇ ಅದು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಬಹುಪಾಲು ಮಣ್ಣಿನಿಂದ ಹೊರಗೆ ಬರುವ ಮೊದಲೇ ಮುಗಿದಿರುತ್ತದೆ. ರೇಡಾನ್ ಅರ್ಧಕ್ಕಿಳಿಯಲು 3.8 ದಿನ ಬೇಕು, ಅಷ್ಟರಲ್ಲಿ ಮನೆಯೊಳಗೆ ಬರಲು ಅದಕ್ಕೆ ಸಾಕಷ್ಟು ಸಮಯವಿದೆ. ನಮ್ಮ ಉಳ್ಳಾಲದ ತೀರದಲ್ಲೂ ಅಲ್ಲಲ್ಲಿ ಮೊನಜೈಟ್ ಮರಳಿದೆ. ಅಲ್ಲಿನವರಿಗೂ ಇದೇ ಉತ್ತರ. ಒಂದು ಬಗೆಯ ವಿಕಿರಣದ ಬಗ್ಗೆ ಬಂದ ನೆಮ್ಮದಿಯನ್ನು ಇನ್ನೊಂದಕ್ಕೆ ಸಾಲ ಕೊಡಲಾಗದು.

ಇದಕ್ಕೆ ಹೊಂದಿಕೊಂಡೇ ಬಂದದ್ದು ಪಿಟ್ಸ್‌ಬರ್ಗ್‌ನ ಭೌತವಿಜ್ಞಾನಿ ಬರ್ನಾರ್ಡ್ ಕೊಹೆನ್ ಅವರ ಹೆಸರು. ರೇಡಾನ್ ಹೆಚ್ಚಿರುವ ಅಮೆರಿಕದ ಕೌಂಟಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅವರು 1995ರಲ್ಲಿ ತೋರಿಸಿದ್ದರು. ಅವರ ಲೆಕ್ಕ ಇಡೀ ಕೌಂಟಿಗಳ ಸರಾಸರಿಯದು. ಕ್ಯಾನ್ಸರ್ ಬಂದ ವ್ಯಕ್ತಿ ಯಾವ ಮನೆಯಲ್ಲಿದ್ದ, ಸಿಗರೇಟು ಸೇದುತ್ತಿದ್ದನೇ ಎಂಬುದು ಅದರಲ್ಲಿ ಸಿಗುವುದಿಲ್ಲ. ಸಿಗರೇಟು ಕಡಿಮೆ ಸೇದುವ ಕೌಂಟಿಗಳಲ್ಲಿ ರೇಡಾನ್ ಹೆಚ್ಚಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಬೇರೆ ಸಂಶೋಧಕರು ಒಬ್ಬೊಬ್ಬರ ಮನೆಯನ್ನೂ ಅಳೆದು ನೋಡಿದರು. 2005ರಲ್ಲಿ ಸಾರಾ ಡಾರ್ಬಿ ಮತ್ತು ಸಂಗಡಿಗರು ಯುರೋಪಿನ 13 ಅಧ್ಯಯನಗಳನ್ನು ಕೂಡಿಸಿದರು: 7,148 ರೋಗಿಗಳು, ಹೋಲಿಕೆಗೆ ರೋಗವಿಲ್ಲದ 14,208 ಜನ. ಪ್ರತಿ 100 ಬೆಕೆರಲ್‌ಗೆ ಅಪಾಯ ಶೇ. 16ರಷ್ಟು ಏರುತ್ತದೆ ಎಂದು ಕಂಡಿತು.

ಹಾಗಾದರೆ ಇದು ಸಿಗರೇಟು ಸೇದುವವರ ಕಾಯಿಲೆ, ಸೇದದವನಿಗೆ ಏನು ಎಂದು ಕೇಳಿದವರು ಅದೇ ಅಧ್ಯಯನದ ಇನ್ನೊಂದು ಲೆಕ್ಕ ನೋಡಬೇಕು. ಎಂದೂ ಸೇದದ ಸಾವಿರ ಜನರಲ್ಲಿ, ರೇಡಾನ್ ಇಲ್ಲದ ಮನೆಯಾದರೆ 75 ವರ್ಷದೊಳಗೆ 4 ಜನ ಈ ಕ್ಯಾನ್ಸರಿನಿಂದ ಸಾಯುತ್ತಾರೆ. 100 ಬೆಕೆರಲ್ ಇದ್ದರೆ 5. 400 ಇದ್ದರೆ 7. ಸೇದುವ ಸಾವಿರ ಜನರಲ್ಲಿ ಇದೇ ಲೆಕ್ಕ 100, 120, 160. ಸೇದದವರಿಗೆ ಅಪಾಯ ಸಣ್ಣದು, ಸುಳ್ಳಲ್ಲ. ಸೇದುವವರಿಗೆ ಸಿಗರೇಟು ಬಿಡುವುದೇ ಮೊದಲ ಕೆಲಸ, ರೇಡಾನ್ ಆಮೇಲಿನದು. ಇದನ್ನು ನಾನು ಯಾವತ್ತೂ ಮರೆಮಾಚಿಲ್ಲ.

ಗ್ರಾನೈಟ್ ವ್ಯಾಪಾರದಲ್ಲಿರುವ ಸ್ನೇಹಿತರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಅಡುಗೆಮನೆಯ ಕಟ್ಟೆಗೆ ಹಾಕಿದ ಕಲ್ಲನ್ನು ಕಿತ್ತು ಬಿಸಾಡಿ ಎಂದು ನಾನು ಹೇಳಿದೆನಂತೆ. ಹೇಳಿಲ್ಲ. ಹೊಳಪು ಕೊಟ್ಟ ಒಂದಿಂಚಿನೊಳಗಿನ ಹಲಗೆಯಿಂದ ಬರುವುದು ಅತ್ಯಲ್ಪ. ಮನೆಯೊಳಗಿನ ರೇಡಾನಿನ ದೊಡ್ಡ ಪಾಲು ಬರುವುದು ಅಡಿಪಾಯದ ಕೆಳಗಿನ ಮಣ್ಣು, ಬಂಡೆಯಿಂದ. ಕಟ್ಟೆಯ ಕಲ್ಲು ನೋಡಿ ಹೆದರಿದವರಿಗೂ ಇದನ್ನೇ ಹೇಳುತ್ತೇನೆ, ಅದನ್ನು ಮುಟ್ಟಬೇಡಿ. ಗಮನ ಇರಬೇಕಾದ್ದು ಮನೆ ಯಾವ ಬಂಡೆಯ ಮೇಲೆ ಕೂತಿದೆ ಎಂಬುದರ ಮೇಲೆ. ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ರಾಜ್ಯದ ಉದ್ದಕ್ಕೂ ಉತ್ತರ ದಕ್ಷಿಣವಾಗಿ ಹಾದಿದೆ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳು ದಶಕಗಳಿಂದ ಮನೆಗಳ ಗಾಳಿ, ಬೋರ್‌ವೆಲ್ ನೀರು ಅಳೆಯುತ್ತಾ ಬಂದಿದ್ದಾರೆ. ನಮ್ಮಲ್ಲಿ ಯಾರೂ ತಲೆಕೆಡಿಸಿಕೊಂಡಿಲ್ಲ ಎನ್ನುವುದು ಅವರ ಶ್ರಮಕ್ಕೆ ಮಾಡುವ ಅನ್ಯಾಯ.

ಬೋರ್‌ವೆಲ್ ನೀರಿನ ಬಗ್ಗೆ ಕೇಳಿದವರಿಗೆ: ಲೀಟರಿಗೆ 100 ಬೆಕೆರಲ್ ಇರುವ ನೀರನ್ನು ಮನೆಯಲ್ಲಿ ಬಳಸಿದರೆ ಗಾಳಿಗೆ ಸೇರುವುದು ಘನಮೀಟರಿಗೆ 10ರ ಆಸುಪಾಸು. ಸಂಪಿಗೆ ಬಿದ್ದು, ಓವರ್‌ಹೆಡ್ ಟ್ಯಾಂಕಿಗೆ ಏರುವಷ್ಟರಲ್ಲಿ ಅದರಲ್ಲೂ ಒಂದು ಪಾಲು ಹಾರಿಹೋಗಿರುತ್ತದೆ. ಗಾಳಿಯಾಡುವ ಬಚ್ಚಲು ಸಾಕು.

"ಹೊಟ್ಟೆ ತುಂಬಿದವರ ಚಿಂತೆ ಇದು" ಎಂಬ ಮಾತಿಗೆ ನನಗೆ ನಿಜಕ್ಕೂ ನೋವಾಯಿತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿಯ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಕಿಟಕಿಯಿಲ್ಲದ ಕೋಣೆ ಮಾಡಿ ವಾಚ್‌ಮನ್ ಸಂಸಾರವನ್ನು ಇಡುವುದನ್ನು ಎಲ್ಲರೂ ನೋಡಿದ್ದೇವೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದ ಗಂಡ ಹೆಂಡತಿ, ಎರಡು ಮಕ್ಕಳು. ಎಂಟನೆಯ ಮಹಡಿಯ ಮಾಲೀಕನಿಗೆ ಮಣ್ಣಿನ ರೇಡಾನ್ ಮುಟ್ಟುವುದೇ ಇಲ್ಲ. ಮೂರು ದಿಕ್ಕಿಗೂ ಮಣ್ಣು ಒತ್ತಿನಿಂತ ಆ ಕೋಣೆಯವರಿಗೆ ಹೊರಗಿನ ಗಾಳಿಯೇ ಮುಟ್ಟುವುದಿಲ್ಲ. ಗಲ್ಫಿನಲ್ಲಿದ್ದುಕೊಂಡು ಅಂಥ ಕಟ್ಟಡದಲ್ಲಿ ಫ್ಲಾಟು ಕೊಂಡ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಆ ಕಟ್ಟಡದ ಮಾಲೀಕರ ಸಂಘದ ಸಭೆಯಲ್ಲಿ ಕೇಳಿ: ಆ ಸಂಸಾರಕ್ಕೆ ನೆಲದ ಮೇಲೆ ಒಂದು ಕೋಣೆ ಕೊಡಲಾಗದೇ? ರೇಡಾನ್ ಇಲ್ಲದಿದ್ದರೂ ಅದು ಆಗಲೇಬೇಕಾದ ಕೆಲಸ.

ಕೊನೆಯದು, ಯಂತ್ರ ಮಾರುವವರ ಹೆದರಿಕೆ ತಂತ್ರ ಎಂಬ ಅನುಮಾನ. ಅನುಮಾನ ಪಡಿ, ತಪ್ಪಿಲ್ಲ. ಅದಕ್ಕೇ ಅಳೆಯಿರಿ ಎನ್ನುತ್ತಿದ್ದೇನೆ, ಅಳೆಯುವ ಮೊದಲೇ ಯಾವ ಯಂತ್ರವನ್ನೂ ಕೊಳ್ಳಿ ಎನ್ನುತ್ತಿಲ್ಲ. ಒಂದು ದಿನದ ಅಂಕಿ ನಂಬಬೇಡಿ. ಗಾಳಿ, ಮಳೆ, ಕಿಟಕಿಗೆ ತಕ್ಕಂತೆ ರೇಡಾನ್ ಏರಿಳಿಯುತ್ತದೆ. ಆಲ್ಫಾ ಕಣಗಳ ಗುರುತು ಹಿಡಿಯುವ ಪ್ಲಾಸ್ಟಿಕ್ ಫಿಲ್ಮಿನ ಡಬ್ಬಿಯನ್ನು ಮಲಗುವ ಕೋಣೆಯಲ್ಲಿ ಮೂರು ತಿಂಗಳು ಇಟ್ಟು ಪ್ರಯೋಗಾಲಯಕ್ಕೆ ಕೊಟ್ಟರೆ ಸಿಗುವ ಅಂಕಿಗೆ ಬೆಲೆ ಇದೆ. ಸೆಗಯಾದ ಬಾಡಿಗೆ ಮನೆಯಲ್ಲಿ ಹೆಚ್ಚು ಬಂದರೆ ಗೋಡೆ ಒಡೆಯಬೇಕಿಲ್ಲ: ನೆಲದ ಬಿರುಕು, ಪೈಪಿನ ಸುತ್ತಲಿನ ತೂತು ಮುಚ್ಚಿ, ನವೆಂಬರಿನಿಂದ ಮಾರ್ಚ್‌ವರೆಗೆ ಕಿಟಕಿ ತೆರೆದಿಡಿ, ಬೇಸಿಗೆಯಲ್ಲೂ ನಸುಕಿನಲ್ಲಿ ಒಂದಷ್ಟು ಹೊತ್ತು ತೆರೆಯಿರಿ. ಊರಿನ ಹೊಸ ಮನೆಯದು ಇನ್ನೂ ಸುಲಭ. ಪ್ಲಿಂತ್ ತುಂಬಿದ ಮೇಲೆ ನಾಲ್ಕಿಂಚು ದಪ್ಪ ಜಲ್ಲಿ ಹರಡಿ, ಅದರೊಳಗೆ ನಾಲ್ಕಿಂಚಿನ ಪಿವಿಸಿ ಪೈಪಿನ ಬಾಯಿ ಇಟ್ಟು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟ್ ಹಾಕಿಸಿ. ಪೈಪನ್ನು ಗೋಡೆಯ ಪಕ್ಕದಲ್ಲಿ ತಾರಸಿಯ ಮೇಲಕ್ಕೆ ಒಯ್ಯಿರಿ. ಒಳಗೆ ವಾಸ ಶುರುವಾದ ಮೇಲೆ ಅಳೆದು, 100 ದಾಟಿದರೆ ಪೈಪಿನ ತುದಿಗೆ ಒಂದು ಸಣ್ಣ ಫ್ಯಾನ್ ಕೂರಿಸಿ. ದಾಟದಿದ್ದರೆ ಪೈಪು ಹಾಗೇ ಇರಲಿ. ನೆಲ ಹಾಕಿದ ಮೇಲೆ ಇದೇ ಕೆಲಸಕ್ಕೆ ಟೈಲ್ಸ್ ಒಡೆದು ಕಾಂಕ್ರೀಟ್ ಕೊರೆಯಬೇಕಾಗುತ್ತದೆ. ಮೇಸ್ತ್ರಿ ಇದು ಯಾತಕ್ಕೆ ಎಂದು ಕೇಳಿಯೇ ಕೇಳುತ್ತಾರೆ. ಬೆಡ್ ಕಾಂಕ್ರೀಟ್ ಹಾಕುವ ದಿನ ಗೊತ್ತುಮಾಡುವ ಮೊದಲೇ ಅವರಿಗೆ ಫೋನ್ ಮಾಡಿ ವಿವರಿಸಿ, ಪೈಪು ಇಟ್ಟ ಮೇಲೆ ಫೋಟೋ ಕಳಿಸಲು ಹೇಳಿ.